ಮೊಡವೆ ಕಲೆಯ ಆರು ಸಿಟ್ಟಿಂಗ್ ಪ್ಯಾಕೇಜ್ ನಿಲ್ಲಿಸುತ್ತಿದ್ದೇವೆ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮೊಡವೆ ಕಲೆಗೆ ನಾವು ಕೊಡುತ್ತಿದ್ದ ಆರು ಸಿಟ್ಟಿಂಗ್‌ಗಳ ಪ್ಯಾಕೇಜ್ ಮುಂದಿನ ತಿಂಗಳಿಂದ ಇರುವುದಿಲ್ಲ. ಇನ್ನು ಮೇಲೆ ಆಯಾ ಸಿಟ್ಟಿಂಗಿಗೆ ಆಯಾ ಸಲವೇ ಹಣ. ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಮೈಕ್ರೋನೀಡ್ಲಿಂಗೋ ಲೇಸರೋ, ಏನೇ ಮಾಡುವ ಮೊದಲು ಮೊಡವೆ ಹತೋಟಿಗೆ ಬಂದಿರಬೇಕು. ಯಾಕೆ ಅಂತ ಹೇಳದಿದ್ದರೆ ಸರಿಯಾಗಲ್ಲ, ತಪ್ಪು ನಮ್ಮದೂ ಇದೆ.

ಪ್ಯಾಕೇಜ್ ಕಾರ್ಡ್ ನಿಮಗೆ ನೆನಪಿರಬಹುದು. ಆರು ಖಾನೆ, ಕೆಳಗೆ ಕೊನೆಯ ದಿನಾಂಕ. ಒಬ್ಬರು ನಾಲ್ಕನೇ ಸಿಟ್ಟಿಂಗಿಗೆ ಬಂದಾಗ ದವಡೆಯ ಅಂಚಿನಲ್ಲಿ ಮೂರು ಮೊಡವೆ ಎದ್ದಿದ್ದವು. ಒಂದಂತೂ ಕೆಂಪಗೆ ಊದಿಕೊಂಡು, ಮುಟ್ಟಿದರೆ ನೋಯುತ್ತಿತ್ತು. ಇವತ್ತು ಬೇಡ, ಇದು ಆರಿದ ಮೇಲೆ ಬನ್ನಿ ಎನ್ನಬೇಕಿತ್ತು. ಆದರೆ ಕಾರ್ಡಿನ ಅವಧಿ ಅದೇ ವಾರ ಮುಗಿಯುತ್ತಿತ್ತು. ಅವರು ಮಾಡಿಬಿಡಿ ಅಂದರು, ನಾವೂ ಹೂಂ ಅಂದೆವು. ಹತ್ತು ದಿನಕ್ಕೆ ಆ ಜಾಗದ ಸುತ್ತ ಹೊಸ ಗುಳ್ಳೆಗಳು. ಆಮೇಲೆ ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ. ಖಾನೆಯಲ್ಲಿ ಟಿಕ್ ಬಿತ್ತು ಅಷ್ಟೇ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಕಲೆ ಅಂತ ಒಂದೇ ಪದದಲ್ಲಿ ಹೇಳಿದರೂ ಅದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಕಣ್ಣು ಮುಚ್ಚಿ ಕೆನ್ನೆಯ ಮೇಲೆ ಬೆರಳು ಆಡಿಸಿ. ನುಣುಪಾಗಿದ್ದು, ಕನ್ನಡಿಯಲ್ಲಿ ಮಾತ್ರ ಕಂದು ಅಥವಾ ಕೆಂಪು ಕಂಡರೆ ಅದು ಬರೀ ಬಣ್ಣ. ಮೊಡವೆಯ ಉರಿಯೂತ ಬಿಟ್ಟುಹೋದ ಗುರುತು. ತಡವಾದರೂ ಬಹುಪಾಲು ತಾನಾಗಿಯೇ ಮಾಸುತ್ತದೆ. ಬಿಸಿಲು ತಾಗಿದಷ್ಟೂ ಕಂದು ಗುರುತು ಮಾಸುವುದು ನಿಧಾನವಾಗುತ್ತದೆ. ಬೆರಳಿಗೆ ತಗ್ಗು ಸಿಕ್ಕರೆ ಅದು ಗುಳಿ. ಅಲ್ಲಿ ಚರ್ಮಕ್ಕೆ ಒಳಗಿನಿಂದ ಆಧಾರ ಕೊಡುವ ಪ್ರೋಟೀನ್, ಅಂದರೆ ಕೊಲಾಜನ್ನೇ ಕಡಿಮೆಯಾಗಿರುತ್ತದೆ. ಬರೀ ಬಣ್ಣದ ಕಲೆ ಇದ್ದವರಿಗೂ ನಾವು ಸೂಜಿಯ ಪ್ಯಾಕೇಜ್ ಮಾರಿದ್ದೇವೆ. ಅವರಿಗೆ ಬೇಕಿದ್ದದ್ದು ಒಳ್ಳೆಯ ಸನ್‌ಸ್ಕ್ರೀನ್ ಮತ್ತು ತಾಳ್ಮೆ.

ಗುಳಿಗಳೂ ಒಂದೇ ಥರ ಇರುವುದಿಲ್ಲ. ಸೂಜಿ ಚುಚ್ಚಿದಂತೆ ಕಿರಿದಾಗಿ ಆಳಕ್ಕೆ ಇಳಿದಿದ್ದರೆ, ಗುಳಿಯ ಒಳಗಷ್ಟೇ ತೀಕ್ಷ್ಣವಾದ ಟಿಸಿಎ (ಟ್ರೈಕ್ಲೋರೋಅಸಿಟಿಕ್) ಆಸಿಡ್ ಮುಟ್ಟಿಸುತ್ತಾರೆ. ಅಲೆಅಲೆಯಾಗಿ ತಗ್ಗಿದ್ದರೆ, ಚರ್ಮವನ್ನು ಕೆಳಗಿನಿಂದ ಎಳೆದು ಹಿಡಿದಿರುವ ಎಳೆಗಳನ್ನು ಸೂಜಿಯಿಂದ ಬಿಡಿಸಬೇಕು. ಇದಕ್ಕೆ ಸಬ್‌ಸಿಷನ್ ಅನ್ನುತ್ತಾರೆ. ಅಗಲವಾಗಿ ಅಂಚು ಕಟ್ಟಿದ್ದಕ್ಕೆ ಮೈಕ್ರೋನೀಡ್ಲಿಂಗ್ ಅಥವಾ ಲೇಸರ್ ನಡೆಯುತ್ತದೆ. ಒಂದೇ ಮುಖದಲ್ಲಿ ಮೂರೂ ಇರುವುದು ಮಾಮೂಲು. ಹಾಗಿರುವಾಗ ಎಲ್ಲರಿಗೂ ಆರು ಸಲ ಅದೇ ಸೂಜಿ ಅಂದರೆ, ಅದು ನಮ್ಮ ಲೆಕ್ಕಕ್ಕೆ ಅನುಕೂಲ ಅಷ್ಟೇ ಅಲ್ವಾ?

ಹೊಸ ಕ್ರಮದಲ್ಲಿ ಮೊದಲ 12 ವಾರ ಮೊಡವೆಗೇ ಮೀಸಲು. ಸಾಮಾನ್ಯವಾಗಿ ನಮ್ಮ ವೈದ್ಯರು ರಾತ್ರಿಗೆ ಚರ್ಮದ ರಂಧ್ರ ಕಟ್ಟದಂತೆ ತಡೆಯುವ ಅಡಾಪಲೀನ್, ಬೆಳಿಗ್ಗೆಗೆ ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುವ ಬೆಂಜಾಯ್ಲ್ ಪೆರಾಕ್ಸೈಡ್ ಬರೆಯುತ್ತಾರೆ. ಎರಡೂ ಹಚ್ಚುವ ಔಷಧಿ. ಅಡಾಪಲೀನ್ ಒಂದು ಬಟಾಣಿ ಕಾಳಿನಷ್ಟು ಸಾಕು, ಆದರೆ ಮೊಡವೆ ಏಳುವ ಇಡೀ ಜಾಗಕ್ಕೆ. ಎದ್ದ ಮೊಡವೆಯ ಮೇಲೆ ಮಾತ್ರ ಚುಕ್ಕೆ ಇಟ್ಟರೆ ಮುಂದಿನದು ಪಕ್ಕದಲ್ಲೇ ಏಳುತ್ತದೆ. ಮೊದಲ ವಾರಗಳಲ್ಲಿ ಮೂಗಿನ ಬದಿ, ಬಾಯಿಯ ಮೂಲೆ ಒಣಗಿ ಸಿಪ್ಪೆ ಏಳುತ್ತದೆ. ಆಗ ದಿನ ಬಿಟ್ಟು ದಿನ ಹಚ್ಚಿ, ಪೂರ್ತಿ ಬಿಡಬೇಡಿ. ಬೆಂಜಾಯ್ಲ್ ಪೆರಾಕ್ಸೈಡ್ 2.5% ಸಾಕು. 10% ತಗೊಂಡರೆ ಉರಿ ಜಾಸ್ತಿಯಾಗುತ್ತದೆ, ಫಲವೇನೂ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. ಹಾಂ, ಇದು ಟವೆಲ್ಲು, ದಿಂಬಿನ ಕವರಿನ ಬಣ್ಣ ತಿನ್ನುತ್ತದೆ. ಬಿಳಿ ಬಟ್ಟೆ ಬಳಸಿ.

ಈ 12 ವಾರ ಸುಮ್ನೆ ಕಾಯಿಸುವುದಲ್ಲ. 0.3% ಅಡಾಪಲೀನ್ ಮತ್ತು 2.5% ಬೆಂಜಾಯ್ಲ್ ಪೆರಾಕ್ಸೈಡ್ ಸೇರಿದ ಜೆಲ್ಲನ್ನು ಮುಖದ ಒಂದು ಬದಿಗೆ, ಔಷಧಿಯೇ ಇಲ್ಲದ ಜೆಲ್ಲನ್ನು ಇನ್ನೊಂದು ಬದಿಗೆ 24 ವಾರ ಹಚ್ಚಿ ನೋಡಿದ ಅಧ್ಯಯನವಿದೆ. ಔಷಧಿ ಹಚ್ಚಿದ ಬದಿಯಲ್ಲಿ ಗುಳಿಗಳ ಸಂಖ್ಯೆ ಇಳಿಯಿತು, ಇನ್ನೊಂದು ಬದಿಯಲ್ಲಿ ಏರಿತು. ಮೊಡವೆಯನ್ನು ಅದರ ಪಾಡಿಗೆ ಬಿಟ್ಟು ಗುಳಿ ತುಂಬಿಸುವುದು ತೂತು ಬಿಂದಿಗೆಗೆ ನೀರು ಹಾಕಿದ ಹಾಗೆ.

ಗರ್ಭಿಣಿಯಾಗಿದ್ದರೆ, ಆಗುವ ಯೋಚನೆ ಇದ್ದರೆ ಮೊದಲೇ ತಿಳಿಸಿ. ಅಡಾಪಲೀನ್ ಬದಲು ಅಜೆಲೈಕ್ ಆಸಿಡ್ ಕೊಡಬಹುದು. ಅದು ಕಂದು ಕಲೆಗೂ ಒಳ್ಳೆಯದು. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ ಮಾತ್ರೆ ತಗೊಳ್ಳುತ್ತಿದ್ದರೆ, ಇತ್ತೀಚೆಗೆ ನಿಲ್ಲಿಸಿದ್ದರೂ ಸರಿ, ಹೇಳದೆ ಇರಬೇಡಿ.

ಹಾಗಾದರೆ ಒಂದು ಮೊಡವೆಯೂ ಇರಬಾರದಾ ಅಂತ ಫೋನಿನಲ್ಲಿ ತುಂಬ ಜನ ಕೇಳಿದ್ದೀರಿ. ಇಲ್ಲ, ಆ ಷರತ್ತು ನಾವು ಹಾಕುವುದಿಲ್ಲ. ಮೂವತ್ತು ದಾಟಿದ ಮೇಲೂ ಮುಟ್ಟಿಗೆ ಮುಂಚೆ ಗದ್ದದ ಬಳಿ ಒಂದೆರಡು ಏಳುವವರು ಬೇಕಾದಷ್ಟು ಜನ ಇದ್ದಾರೆ. ಸೊನ್ನೆ ಆಗುವ ತನಕ ಕಾಯಿರಿ ಅಂದರೆ ಅವರು ಎಷ್ಟು ವರ್ಷ ಕಾಯಬೇಕು? ಸಣ್ಣವು ಒಂದೆರಡು ಇದ್ದರೆ ಆ ಜಾಗ ಬಿಟ್ಟು ಉಳಿದ ಕಡೆ ಮಾಡುತ್ತೇವೆ. ಊದಿಕೊಂಡು ನೋಯುವುದಿದ್ದರೆ, ಹೊಸದಾಗಿ ಗುಂಪಾಗಿ ಎದ್ದಿದ್ದರೆ ಮಾತ್ರ ಮುಂದೂಡುತ್ತೇವೆ. ಮುಂದೂಡಿದ್ದಕ್ಕೆ ದಂಡ ಇಲ್ಲ.

ಮೈಕ್ರೋನೀಡ್ಲಿಂಗಿನ ಎರಡು ಸಿಟ್ಟಿಂಗ್‌ಗಳ ನಡುವೆ 4ರಿಂದ 6 ವಾರ ಬಿಡುತ್ತೇವೆ. ಹೊಸ ಕೊಲಾಜನ್ ಕಟ್ಟಿಕೊಳ್ಳಲು ತಿಂಗಳುಗಳೇ ಬೇಕು. ಮರುದಿನ ಕಾಣುವ ನುಣುಪು ಬರೀ ಊತ, ಅದನ್ನು ನಂಬಬೇಡಿ. ಇನ್ನು ಮುಂದೆ ಪ್ರತಿ ಸಲವೂ ಪಕ್ಕದಿಂದ ಬೆಳಕು ಬಿಟ್ಟು ಫೋಟೋ ತೆಗೆಯುತ್ತೇವೆ. ಎದುರಿನಿಂದ ಫ್ಲ್ಯಾಷ್ ಬಿದ್ದರೆ ಗುಳಿ ಅಡಗಿಬಿಡುತ್ತದೆ. ಗುಳಿ ಪೂರ್ತಿ ಮಾಯವಾಗುತ್ತದೆ ಅಂತ ಯಾರಿಗೂ ಮಾತು ಕೊಡುವುದಿಲ್ಲ. ಆಳ ಕಡಿಮೆಯಾಗುತ್ತದೆ, ನೆರಳು ತಿಳಿಯಾಗುತ್ತದೆ. ಕಪ್ಪು, ಕಂದು ಮೈಬಣ್ಣದವರಿಗೆ ಚಿಕಿತ್ಸೆಯಿಂದಲೇ ಕಪ್ಪು ಕಲೆ ಬೀಳುವ ಸಾಧ್ಯತೆ ಹೆಚ್ಚು. ಹಾಗಾಗಿ ಲೇಸರಿನ ಶಕ್ತಿ ಕಡಿಮೆ ಇಟ್ಟು ನಿಧಾನವಾಗಿ ಹೋಗುತ್ತೇವೆ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚದೆ ಬಿಸಿಲಿಗೆ ಹೋಗುವವರಿಗೆ ಸಿಟ್ಟಿಂಗ್ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಮನೆಯಲ್ಲಿ ಉಜ್ಜಿಕೊಳ್ಳುವ ಡರ್ಮಾ ರೋಲರ್ ಮಾರುವುದನ್ನೂ ನಿಲ್ಲಿಸಿದ್ದೇವೆ. ಅದರ ಮುಳ್ಳುಗಳು ಬೇಗ ಮೊಂಡಾಗುತ್ತವೆ, ಬಾಗುತ್ತವೆ. ಕೀವಿರುವ ಮೊಡವೆಯ ಮೇಲೆ ಹಾದರೆ ಸೋಂಕನ್ನು ಕೆನ್ನೆಯ ತುಂಬ ಹರಡಿದ ಹಾಗೆ. ನಮ್ಮಲ್ಲಿ ಕೊಂಡಿದ್ದರೆ ವಾಪಸ್ ತನ್ನಿ, ಹಣ ಕೊಡುತ್ತೇವೆ.

ಕಾರ್ಡಿನಲ್ಲಿ ಸಿಟ್ಟಿಂಗ್ ಬಾಕಿ ಇದ್ದವರು ಗಾಬರಿಯಾಗಬೇಡಿ. ಕೊನೆಯ ದಿನಾಂಕ ರದ್ದಾಗಿದೆ. ಬಾಕಿ ಸಿಟ್ಟಿಂಗನ್ನು ಯಾವಾಗ ಬೇಕಾದರೂ, ನಿಮ್ಮ ಗುಳಿಗೆ ಹೊಂದುವ ಬೇರೆ ಚಿಕಿತ್ಸೆಗೂ ಬಳಸಬಹುದು. ಬೇಡವಾದರೆ ಉಳಿದ ಹಣ ವಾಪಸ್, ಕಾರಣ ಕೇಳುವುದಿಲ್ಲ.

ಮುಂದಿನ ಸಲ ಬರುವಾಗ ಮೇಕಪ್ ಇಲ್ಲದೆ ಬನ್ನಿ. ಮನೆಯಲ್ಲಿ ಹಚ್ಚುತ್ತಿರುವ ಎಲ್ಲ ಟ್ಯೂಬು, ಸೀಸೆಗಳನ್ನು ಒಂದು ಚೀಲದಲ್ಲಿ ಹಾಕಿ ತನ್ನಿ, ಅರ್ಧ ಖಾಲಿಯಾದದ್ದನ್ನೂ.

ಇಂತಿ,
ನಿಮ್ಮ ಚರ್ಮ ಚಿಕಿತ್ಸಾಲಯದ ಬಳಗ