ಟಿಲ್ಮನ್ ಕಥೆಯ ಉಳಿದರ್ಧವೂ ಬರಲಿ

ಮಾನ್ಯರೇ,

ಆಟ ಬಿಟ್ಟು ಸೇನೆ ಸೇರಿದವರ ಮಾತು ಬಂದಾಗಲೆಲ್ಲ ಅಮೆರಿಕದ ಪ್ಯಾಟ್ ಟಿಲ್ಮನ್ ಹೆಸರು ಬರುತ್ತದೆ. ಕೋಟಿಗಟ್ಟಲೆ ಹಣ ಬೇಡವೆಂದ, ಯುದ್ಧಕ್ಕೆ ಹೋದ, ಪ್ರಾಣ ಕೊಟ್ಟ ಎಂಬಲ್ಲಿಗೆ ಬಹುತೇಕ ಬರಹಗಳು ನಿಂತುಬಿಡುತ್ತವೆ. ಇದು ನನಗೆ ಬಹಳ ಬೇಸರ ತರಿಸುವ ಸಂಗತಿ.

ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆತ ಲೈನ್‌ಬ್ಯಾಕರ್. ಎದುರಾಳಿಯನ್ನು ಅಡ್ಡಗಟ್ಟಿ ಕೆಡವುವ ಆ ಸ್ಥಾನಕ್ಕೆ ಮೈಕಟ್ಟು ಸಾಲದು ಎನಿಸಿಕೊಂಡವನೇ 1997ರಲ್ಲಿ ತನ್ನ ವಲಯದ ಶ್ರೇಷ್ಠ ರಕ್ಷಣಾ ಆಟಗಾರನಾದ. ಮೂರೂವರೆ ವರ್ಷಕ್ಕೇ ಪದವಿಯನ್ನೂ ಮುಗಿಸಿದ. ಕ್ರೀಡಾಂಗಣದ ಎತ್ತರದ ದೀಪದ ಕಂಬ ಹತ್ತಿ, ಅಲ್ಲಿ ಒಬ್ಬನೇ ಕುಳಿತು ಯೋಚಿಸುತ್ತಿದ್ದನಂತೆ. ಮುಂದೆ ವೃತ್ತಿಪರ ಆಟಗಾರನಾದವನು 2002ರಲ್ಲಿ ತಂಡದ 36 ಲಕ್ಷ ಡಾಲರ್ ಒಪ್ಪಂದ ಬಿಟ್ಟು, ತಮ್ಮ ಕೆವಿನ್ ಜತೆ ಸೇನೆಯ ರೇಂಜರ್ಸ್ ಪಡೆ ಸೇರಿದ.

2004ರ ಏಪ್ರಿಲ್ 22ರಂದು ಅಫ್ಗಾನಿಸ್ತಾನದ ಖೋಸ್ತ್ ಪ್ರಾಂತ್ಯದಲ್ಲಿ ಆತನಿಗೆ ತಗುಲಿದ್ದು ಸ್ವಂತ ತುಕಡಿಯವರ ಗುಂಡು. ವಾಹನವೊಂದು ಕೆಟ್ಟುನಿಂತು, ತುಕಡಿಯನ್ನು ಎರಡು ಭಾಗ ಮಾಡಿದ್ದರು. ಹಿಂದೆ ಬಂದವರು ಗುಡ್ಡದ ಮೇಲಿದ್ದ ತಮ್ಮವರನ್ನು ಗುರುತಿಸದೆ ಹೊಡೆದರು. ಜತೆಗಿದ್ದ ಅಫ್ಗನ್ ಯೋಧನೂ ಸತ್ತ. ಅವನನ್ನು ನೆನೆಯುವವರು ತೀರಾ ಕಡಿಮೆ.

ಕೆವಿನ್ ಅದೇ ತುಕಡಿಯಲ್ಲಿದ್ದರೂ ಸೇನೆಯವರು ಅವನಿಗೆ ನಿಜ ಹೇಳಲಿಲ್ಲ. ಟಿಲ್ಮನ್‌ನ ಸಮವಸ್ತ್ರ, ರಕ್ಷಾಕವಚ ಎರಡನ್ನೂ ಸುಟ್ಟುಹಾಕಿದರು. ಶತ್ರುವಿನ ಗುಂಡಿಗೆ ಎದೆಯೊಡ್ಡಿದ ಎಂಬಂತೆ ಬರೆದು ಸಿಲ್ವರ್ ಸ್ಟಾರ್ ಎಂಬ ಶೌರ್ಯ ಪದಕ ಕೊಟ್ಟರು. ಮೇ 3ರ ಶ್ರದ್ಧಾಂಜಲಿ ಸಭೆಯಲ್ಲೂ ಅದೇ ಕಥೆ, ಟಿವಿ ಕ್ಯಾಮೆರಾಗಳ ಮುಂದೆ. ಹೆತ್ತವರಿಗೆ ಸತ್ಯ ಗೊತ್ತಾಗಿದ್ದು ಸಾವಿನ ಸುಮಾರು ಐದು ವಾರದ ನಂತರ.

ತಾಯಿ ಮೇರಿ ಟಿಲ್ಮನ್ ಅಲ್ಲಿಗೆ ಬಿಡಲಿಲ್ಲ. ಮತ್ತೆ ಮತ್ತೆ ತನಿಖೆಗೆ ಪಟ್ಟು ಹಿಡಿದರು, ಸೇನೆಯ ಕಡತಗಳನ್ನು ಹಾಳೆ ಹಾಳೆ ಓದಿದರು. 2007ರಲ್ಲಿ ಕೆವಿನ್ ಅಮೆರಿಕ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದ. ನಿವೃತ್ತ ಲೆಫ್ಟಿನೆಂಟ್ ಜನರಲ್ ಒಬ್ಬರಿಗೆ ಛೀಮಾರಿ ಬಿತ್ತು, ಕ್ರಿಮಿನಲ್ ಮೊಕದ್ದಮೆ ಯಾರ ಮೇಲೂ ಹೂಡಲಿಲ್ಲ.

ಸೇನೆಗೆ ಮಕ್ಕಳನ್ನು ಕಳಿಸಿದ ಮನೆಗಳು ನಮ್ಮ ಕೊಡಗಿನಲ್ಲಿ ಬೇಕಾದಷ್ಟಿವೆ. ಗಡಿಯಿಂದ ಕೆಟ್ಟ ಸುದ್ದಿ ಬಂದರೆ ಆ ಮನೆಯವರು ಮೊದಲು ಕೇಳುವುದು ‘ಹೇಗಾಯ್ತು?’ ಎಂದೇ. ಅದಕ್ಕೆ ನೇರ ಉತ್ತರ ಪಡೆಯುವುದು ಅವರ ಹಕ್ಕು. ಗುಂಡು ಯಾರದ್ದೇ ಆಗಿರಲಿ, ಟಿಲ್ಮನ್‌ನ ಧೈರ್ಯ ಒಂದಿಷ್ಟೂ ಕುಗ್ಗುವುದಿಲ್ಲ. ಮುಂದೆ ಆತನ ಬಗ್ಗೆ ಬರೆಯುವಾಗ ದಯವಿಟ್ಟು ಆ ತಾಯಿಯ ಹೋರಾಟಕ್ಕೂ ಜಾಗ ಕೊಡಿ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಮಡಿಕೇರಿ