ಜೆರಾಕ್ಸ್ ಮಾಡಿಸಿದ ಮಾತ್ರಕ್ಕೆ ಓದಿದ ಹಾಗಾಯಿತೇ?

ಮಾನ್ಯರೇ,

ತಿಪಟೂರಿನಲ್ಲಿ ಕಾಲೇಜೊಂದರ ಎದುರು ನನ್ನದು ಜೆರಾಕ್ಸ್ ಅಂಗಡಿ. ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ ಹೊಸ ಮಕ್ಕಳು ಈಗ ರಸ್ತೆ ತುಂಬಾ ಓಡಾಡುತ್ತಿದ್ದಾರೆ. ಇವರ ಓದಿನ ಬಗ್ಗೆ ಮೇಷ್ಟ್ರುಗಳು ಬರೆಯುತ್ತಾರೆ, ದೊಡ್ಡವರು ಭಾಷಣ ಮಾಡುತ್ತಾರೆ. ಇವರು ಓದದೇ ಇರುವುದರಿಂದ ಹೊಟ್ಟೆ ಹೊರೆಯುವವನು ನಾನು. ನನ್ನದೂ ಒಂದು ಮಾತು ಇರಲಿ.

ಸೆಮಿಸ್ಟರ್ ಶುರುವಿನಲ್ಲಿ ನನಗೆ ಬರುವ ಕೆಲಸ ಆಧಾರ್, ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ. ಅದಾದ ಮೇಲೆ ಮಷಿನ್ ಸುಮ್ನೆ ನಿಂತಿರುತ್ತದೆ. ಪರೀಕ್ಷೆಗೆ ವಾರ ಇದೆ ಅನ್ನುವಾಗ ನೋಡಿ ಜಾತ್ರೆ. ‘ಅಂಕಲ್, ಹಿಸ್ಟರಿ ಫಸ್ಟ್ ಸೆಮ್ ಒಂದು ಸೆಟ್ ಕೊಡಿ.’ ಯಾರ ನೋಟ್ಸು, ಯಾವ ಸಿಲೆಬಸ್ಸು ಅಂತ ಕೇಳುವವರಿಲ್ಲ. ಬಿಸಿ ಬಿಸಿ ಹಾಳೆ ಕೈಗೆ ಬಂದ ಕೂಡಲೇ ಮುಖದಲ್ಲಿ ಎಂಥ ನೆಮ್ಮದಿ ಅಂತೀರಿ! ಅರ್ಧ ಪೋರ್ಷನ್ ಮುಗಿಸಿದವರ ನೆಮ್ಮದಿ. ಈಗೀಗ ಹಾಳೆಯೂ ಬೇಡ. ಪಿಡಿಎಫ್ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಿದ್ದಿರುತ್ತದೆ. ಮೊಬೈಲಲ್ಲಿ ಇದೆಯಲ್ಲ ಅನ್ನುವುದೇ ಧೈರ್ಯ.

ಬಿ.ಎ. ಇತಿಹಾಸದ ಒಂದು ಸೆಟ್ಟು ನನ್ನ ಅಂಗಡಿಯಲ್ಲಿ ವರ್ಷಗಟ್ಟಲೆ ಪ್ರತಿಯಾಗುತ್ತಾ ಬಂದಿತ್ತು. ಅದರಲ್ಲಿ ಪ್ಲಾಸಿ ಕದನ 1775 ಅಂತ ಇತ್ತು. ಆದದ್ದು 1757ರಲ್ಲಿ. ಬರೆದ ಮಗು ಅವಸರದಲ್ಲಿ ಅಂಕಿ ಅದಲು ಬದಲು ಮಾಡಿತ್ತು, ಅಷ್ಟೇ. ಬ್ಯಾಚಿನ ಮೇಲೆ ಬ್ಯಾಚು ಅದನ್ನೇ ಹಿಡಿದುಕೊಂಡು ಪರೀಕ್ಷೆಗೆ ಹೋಯಿತು. ವಾಪಸ್ ಬಂದು, ‘ಅಂಕಲ್, ಇದರಲ್ಲಿ ಇಸವಿ ತಪ್ಪಿದೆ’ ಅಂದವಳು ಒಬ್ಬಳೇ ಹುಡುಗಿ. ಅದೂ ಸೆಟ್ಟು ಕೊಂಡವಳಲ್ಲ, ಗೆಳತಿಯದನ್ನು ಇಸ್ಕೊಂಡು ನೋಡಿದವಳು.

ಅವಳು ಓದುವುದನ್ನು ನಾನು ಕೂತಲ್ಲಿಂದಲೇ ನೋಡುತ್ತಿದ್ದೆ. ಸಂಜೆ ಅವರ ಊರಿನ ಬಸ್ಸು ತಡ. ಅಂಗಡಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಮಷಿನ್ನಿನಲ್ಲಿ ಸಿಕ್ಕಿಕೊಂಡು ಮುದುರಿದ, ಓರೆಯಾಗಿ ಬಂದ ಹಾಳೆ ದಿನಾ ಒಂದಷ್ಟು ಇರುತ್ತವಲ್ಲ, ಅವನ್ನು ಕೇಳಿ ತೆಗೆದುಕೊಳ್ಳುವಳು. ಒಂದು ಬದಿ ಖಾಲಿ. ಆವತ್ತು ಕ್ಲಾಸಿನಲ್ಲಿ ಆದ ಪಾಠವನ್ನು ಪುಸ್ತಕ ಮುಚ್ಚಿಟ್ಟು, ನೆನಪಿದ್ದಷ್ಟು ಅದರಲ್ಲಿ ಬರೆಯುವುದು. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸುವುದು. ಮೊದಲ ಸಲ ಹಾಳೆ ತುಂಬಾ ಕೆಂಪೇ. ಕೆಲವು ದಿನ ಬಿಟ್ಟು ಅದೇ ಪಾಠವನ್ನು ಮತ್ತೆ ಬರೆಯುವಳು. ಆಗ ಕೆಂಪು ಅಲ್ಲೊಂದು ಇಲ್ಲೊಂದು. ದುಡ್ಡು ಕೊಟ್ಟು ನನ್ನ ಹತ್ತಿರ ಅವಳು ಮಾಡಿಸಿದ್ದು ಹಳೇ ಪ್ರಶ್ನೆಪತ್ರಿಕೆ ಮಾತ್ರ. ಅದೂ ಕಾಲೇಜು ಶುರುವಾದ ತಿಂಗಳಲ್ಲೇ. ಉಳಿದವರು ಅದನ್ನು ಹುಡುಕಿಕೊಂಡು ಬರುವುದು ಪರೀಕ್ಷೆಯ ಹಿಂದಿನ ಸಂಜೆ.

ಬೈಂಡಿಂಗಿಗೆ ಬಂದ ಸೈಕಾಲಜಿ ಮೇಷ್ಟ್ರೊಬ್ಬರಿಗೆ ಇದನ್ನು ಹೇಳಿದೆ. ಅವರು ಅಲ್ಲೇ ನಿಂತು ಒಂದು ಪಾಠವನ್ನೇ ಮಾಡಿದರು. ಅಮೆರಿಕದಲ್ಲಿ ರೋಡಿಗರ್, ಕಾರ್ಪಿಕೆ ಅಂತ ಇಬ್ಬರು 2006ರಲ್ಲಿ ಕಾಲೇಜು ಮಕ್ಕಳ ಮೇಲೆ ಪ್ರಯೋಗ ಮಾಡಿದರಂತೆ. ಕೆಲವರಿಗೆ ಒಂದು ಬರಹವನ್ನು ಮತ್ತೆ ಮತ್ತೆ ಓದಿಸಿದರು. ಇನ್ನು ಕೆಲವರಿಗೆ ಓದಿಸಿ, ಕಿತ್ತುಕೊಂಡು, ನೆನಪಿನಿಂದ ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ವಾರ ಬಿಟ್ಟು ಕೇಳಿದರೆ ಬರೆದವರು ಮುಂದೆ. ಗೇಟಿನ ಹತ್ತಿರ ಹಾಳೆ ತಿರುವುತ್ತಾ ‘ಎಲ್ಲಾ ಗೊತ್ತು ಮಗಾ’ ಅನ್ನುವ ಹುಡುಗರದ್ದು ಆ ಐದು ನಿಮಿಷದ ವಿದ್ಯೆ.

ಬಿ.ಇಡಿ. ಮಕ್ಕಳ ನೋಟ್ಸಿನಲ್ಲಿ ಎಬ್ಬಿಂಗ್‌ಹಾಸ್ ಅನ್ನುವ ಜರ್ಮನಿಯವನ ಮರೆವಿನ ಗೆರೆ ಬರುತ್ತದೆ. ಅರ್ಥವೇ ಇಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದವನು. ಒಂದು ದಿನ ಕಳೆಯುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಹೋಗಿರುತ್ತದೆ, ಆಮೇಲೆ ಮರೆವು ನಿಧಾನ ಅನ್ನುತ್ತದೆ ಆ ಗೆರೆ. ಅರ್ಥವಿರುವ ಪಾಠ ಅಷ್ಟು ಬೇಗ ಹೋಗಲಿಕ್ಕಿಲ್ಲ, ಆದರೂ ಮೊದಲ ದಿನವೇ ಮುಖ್ಯ ಅಲ್ವಾ? ಆ ಗೆರೆಯನ್ನೂ ನಮ್ಮ ಮಕ್ಕಳು ಪರೀಕ್ಷೆಯ ಹಿಂದಿನ ರಾತ್ರಿಯೇ ಜೆರಾಕ್ಸ್ ಮಾಡಿಸುತ್ತಾರೆ!

ಕಾಮರ್ಸ್ ಮಕ್ಕಳ ಕಥೆ ಇನ್ನೊಂದು. ನೋಟ್ಸಿನಲ್ಲಿ ಬ್ಯಾಲೆನ್ಸ್ ಶೀಟ್ ಯಾವಾಗಲೂ ಟ್ಯಾಲಿ ಆಗಿಯೇ ಇರುತ್ತದೆ. ನೋಡಿ ತಲೆಯಾಡಿಸುತ್ತಾರೆ. ತಾವೇ ಪೆನ್ಸಿಲ್ ಹಿಡಿದು ಹಾಕಲು ಕೂತಾಗ ಎರಡು ಬದಿ ಎರಡು ಊರಿನ ದಾರಿ ಹಿಡಿಯುತ್ತವೆ. ಬರೆಯುವ ಅಭ್ಯಾಸವೂ ತಪ್ಪಿದೆ. ಪರೀಕ್ಷೆ ಮುಗಿಸಿ ಬಂದು ‘ಕೈ ನೋವು ಅಂಕಲ್, ಕೊನೇ ಪ್ರಶ್ನೆ ಬಿಟ್ಟೆ’ ಅನ್ನುವವರು ಪ್ರತಿ ಸೆಮಿಸ್ಟರ್ ಸಿಗುತ್ತಾರೆ. ಓದಿದ್ದೆಲ್ಲ ಮೊಬೈಲಿನಲ್ಲಿ ಬೆರಳಾಡಿಸಿ, ಬರೆಯಬೇಕಾದ್ದು ಮಾತ್ರ ಗಂಟೆಗಟ್ಟಲೆ ಕೂತು!

ತಪ್ಪೆಲ್ಲ ಮಕ್ಕಳದೇ ಅನ್ನಲಾರೆ. ಪಿಯುಸಿ ಮುಗಿಯುವವರೆಗೆ ನೋಟ್ಸು ಬರೆಸುವವರು, ಟೆಸ್ಟ್ ಇಡುವವರು, ಮನೆಗೆ ಫೋನ್ ಮಾಡುವವರು ಇರುತ್ತಾರೆ. ಡಿಗ್ರಿಗೆ ಬಂದರೆ ಹಾಜರಿ ಒಂದು ಬಿಟ್ಟು ಬೇರೇನನ್ನೂ ಕೇಳುವವರಿಲ್ಲ. ಹೇಗೆ ಓದಬೇಕು ಅಂತ ಹೇಳಿಕೊಟ್ಟವರಂತೂ ಮೊದಲೂ ಇರಲಿಲ್ಲ. ದಿನಾ ನಾಲ್ಕು ಗಂಟೆ ಓದಿ ಅನ್ನುವುದು ಸುಲಭ. ಮನೆಗೆ ಹೋಗಿ ಹಸುವಿಗೆ ಹುಲ್ಲು ಹಾಕಿ, ಡೈರಿಗೆ ಹಾಲು ಕೊಟ್ಟು, ರಾತ್ರಿ ಅಡುಗೆಗೂ ಕೈ ಜೋಡಿಸಬೇಕಾದ ಹುಡುಗಿಗೆ ನಾಲ್ಕು ಗಂಟೆ ಎಲ್ಲಿಂದ ಬರಬೇಕು? ಬಸ್ಸಿಗೆ ಕಾಯುವ ಅರ್ಧ ಗಂಟೆ ಮಾತ್ರ ಅವಳ ಕೈಯಲ್ಲಿದೆ. ಅದರಲ್ಲಿ ಒಂದು ಹಾಳೆ ಬರೆಯಬಹುದು.

ಕಾಲೇಜಿನವರಲ್ಲಿ ನನ್ನ ಕೋರಿಕೆ ಇಷ್ಟೇ. ಹೊಸ ಮಕ್ಕಳ ಸ್ವಾಗತ ಸಮಾರಂಭ ಮಾಡುತ್ತೀರಿ. ಶಾಲು, ಹಾರ, ಅತಿಥಿಗಳ ಭಾಷಣ, ಎಲ್ಲ ಆಗಲಿ, ಬೇಡ ಅನ್ನುವುದಿಲ್ಲ. ಅದೇ ವಾರ ಪ್ರತಿ ವಿಷಯದಲ್ಲೂ ಒಂದು ಪೀರಿಯಡ್ ಬಿಡಿ. ಒಂದು ಪುಟ ಓದಿಸಿ, ಪುಸ್ತಕ ಮುಚ್ಚಿಸಿ, ಬರೆಸಿ. ಹಳೇ ಪ್ರಶ್ನೆಪತ್ರಿಕೆಯನ್ನು ಅವತ್ತೇ ಕೈಗೆ ಕೊಡಿ. ಲೈಬ್ರರಿ ಕಾರ್ಡ್ ತಿಂಗಳುಗಟ್ಟಲೆ ತಡ ಮಾಡಬೇಡಿ. ಹಳ್ಳಿ ಬಸ್ಸುಗಳು ಹೊರಡುವವರೆಗೆ ಒಂದು ರೂಮಿನ ಬೀಗ ತೆಗೆದಿಡಿ. ಫ್ಯಾನು, ಲೈಟು ಇದ್ದರೆ ಸಾಕು.

ನನ್ನ ವ್ಯಾಪಾರದ ಚಿಂತೆ ಬೇಡ. ಅರ್ಜಿ, ಪ್ರಾಜೆಕ್ಟ್ ರಿಪೋರ್ಟು, ಸ್ಪೈರಲ್ ಬೈಂಡಿಂಗು ಹೇಗೂ ನಡೆಯುತ್ತವೆ. ಒಂದು ಬದಿ ಖಾಲಿ ಇರುವ ಹಾಳೆ ಬೇಕಾದ ಮಕ್ಕಳು ಅಂಗಡಿಗೆ ಬಂದು ಕೇಳಬಹುದು. ಕೆಂಪು ಪೆನ್ನು ಮಾತ್ರ ಅವರೇ ತರಬೇಕು.

– ಒಬ್ಬ ಜೆರಾಕ್ಸ್ ಅಂಗಡಿಯವ, ತಿಪಟೂರು