ಫೋಟೊದಲ್ಲಿ ಕಂಡ ಬೂದು ಗಿಡ

ರೀನೋ, ನೆವಾಡ, ಅಮೆರಿಕ
ಭಾನುವಾರ

ಪ್ರೀತಿಯ ಅಜ್ಜಿಗೆ ನಮಸ್ಕಾರ.

ನಾನು ಕ್ಷೇಮ. ಇದನ್ನು ತಮ್ಮನ ಕೈಲಿ ಓದಿಸಿಕೋ, ಅಪ್ಪ ಓದಿದರೆ ಅರ್ಧ ನುಂಗಿಬಿಡುತ್ತಾರೆ.

ಫೋಟೊದಲ್ಲಿ ನನ್ನ ಹಿಂದೆ ಗುಡ್ಡದ ತುಂಬಾ ಇದ್ದ ಗಿಡ ಒಣಗಿಹೋಗಿದೆಯಾ ಅಂತ ಕೇಳಿದೆಯಲ್ಲ, ಒಣಗಿಲ್ಲ ಅಜ್ಜಿ. ಅದರ ಬಣ್ಣವೇ ಹಾಗೆ, ವಿಭೂತಿ ಬಳಿದಂತೆ. ಹೆಸರು ಸೇಜ್‌ಬ್ರಷ್. ಪುಟ್ಟ ಎಲೆ, ತುದಿಯಲ್ಲಿ ಮೂರು ಹಲ್ಲು. ಕಣ್ಣ ಹತ್ತಿರ ಹಿಡಿದರೆ ಮೈತುಂಬಾ ಬಿಳಿ ನವಿರು ಕಾಣುತ್ತೆ. ಎಲೆಯ ನೀರು ಆರದಂತೆ ಕಾಯುವುದು ಅದೇ. ಇಲ್ಲಿ ವರ್ಷಕ್ಕೆ 20 ಸೆಂಟಿಮೀಟರ್ ಮಳೆಯೂ ಇಲ್ಲ, ಇದರ ಮುಂದೆ ನಮ್ಮ ಕೋಲಾರವೇ ಮಲೆನಾಡು! ಆದರೂ ಬೇರು ಆಳಕ್ಕಿಳಿಸಿ ಹತ್ತಾರು ವರ್ಷ ಬದುಕುತ್ತೆ. 1917ರಲ್ಲೇ ಇದನ್ನು ನೆವಾಡದ ರಾಜ್ಯಪುಷ್ಪ ಮಾಡಿದ್ದಾರೆ. ಹೂವು ಮಾತ್ರ ಹಳದಿ ನುಚ್ಚು, ಹುಡುಕಬೇಕು.

ಹೋದ ವಾರ ನಾಲ್ಕು ಹನಿ ಬಿತ್ತು. ಬಾಗಿಲು ತೆಗೆದರೆ ದವನದ ವಾಸನೆ! ಆಮೇಲೆ ಗೊತ್ತಾಯಿತು, ದವನವೂ ಇದೂ ಆರ್ಟಿಮೀಸಿಯಾ ಕುಲದವೇ. ಸಂಭ್ರಮಕ್ಕೆ ಒಂದು ಕುಡಿ ಮುರಿದು ಜಡೆಗೆ ಸಿಕ್ಕಿಸಿಕೊಂಡು ಹೋದೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು. ದವನದ ಸಿಹಿ ಇದಕ್ಕಿಲ್ಲ, ಬರೀ ಕರ್ಪೂರದ ಘಾಟು. ಜೊತೆಯ ಹುಡುಗಿ ಇದನ್ನು ಅಡುಗೆಗೆ ಹಾಕುವ ಸೇಜ್ ಅಂದುಕೊಂಡು ಸೂಪಿಗೆ ಹಾಕಿದಳು. ಬೇವಿನ ಕಷಾಯದಂತಾಗಿ ಪಾತ್ರೆಯನ್ನೇ ಮೂರು ಸಲ ತೊಳೆದೆವು.

ಇಲ್ಲಿನ ಮೂಲ ನಿವಾಸಿಗಳು, ಪೈಯೂಟ್ ಮತ್ತು ಶೋಶೋನಿ ಜನ, ನೆಗಡಿಗೆ ಇದರ ಎಲೆ ಕುದಿಸಿ ಕುಡಿಯುತ್ತಿದ್ದರಂತೆ. ನೀನು ಸಾಂಬ್ರಾಣಿ ಹಾಕುವ ಹಾಗೆ ಹೊಗೆಯನ್ನೂ ಹಾಕುತ್ತಾರೆ. ನನಗೆ ಬೆರಗಾದದ್ದು ಚಪ್ಪಲಿ. ಇದರ ತೊಗಟೆ ನಾರುನಾರಾಗಿ ಸುಲಿಯುತ್ತೆ. ಪಕ್ಕದ ಆರೆಗಾನ್ ರಾಜ್ಯದ ಫೋರ್ಟ್ ರಾಕ್ ಗುಹೆಯಲ್ಲಿ 1938ರಲ್ಲಿ ಆ ನಾರಿನಿಂದ ಹೆಣೆದ ಚಪ್ಪಲಿಗಳು ಸಿಕ್ಕವು, 9,000 ವರ್ಷಕ್ಕೂ ಹಳೆಯವು! ಪಾದದ ಕೆಳಗೆ ಚಾಪೆಯಂಥ ಹೆಣಿಗೆ, ಮುಂದೆ ಬೆರಳು ಮುಚ್ಚಲು ಒಂದು ಮಡಿಕೆ. ನಾನು ತಂದ ಚಪ್ಪಲಿ ಆರು ತಿಂಗಳಿಗೇ ಕಿತ್ತುಹೋಯಿತು.

ಚಳಿಗಾಲದಲ್ಲಿ ಸೇಜ್ ಗ್ರೌಸ್ ಅನ್ನುವ ಕೋಳಿಯಂಥ ಹಕ್ಕಿಗೆ ಹೆಚ್ಚುಕಮ್ಮಿ ಇದರ ಎಲೆಯೇ ಊಟ. ಬೆಂಕಿ ಬಿದ್ದರೆ ಮಾತ್ರ ಕಷ್ಟ, ಸುಟ್ಟ ಬುಡ ಮತ್ತೆ ಚಿಗುರಲ್ಲ.

ಇದರ ಬೀಜ ತಾ ಅಂದಿದ್ದೆಯಲ್ಲ. ಪರವಾನಗಿ ಇಲ್ಲದೆ ಹೊರದೇಶದ ಬೀಜ ತರೋ ಹಾಗಿಲ್ಲ ಅಜ್ಜಿ, ಬೇಜಾರು ಮಾಡಿಕೋಬೇಡ. ದವನದ ಹುಣ್ಣಿಮೆ ಕಳೆದು ಎರಡು ದಿನಕ್ಕೆ ಬರ್ತೀನಿ. ನನ್ನ ಪಾಲಿಗೆ ಒಂದು ಕಟ್ಟು ದವನ ತೆಗೆದಿಡು, ಒಣಗಿದರೂ ಪರವಾಗಿಲ್ಲ. ಬಿ.ಪಿ. ಮಾತ್ರೆ ತಪ್ಪಿಸಬೇಡ.

ನಿನ್ನ ಮೊಮ್ಮಗಳು